ಹುಣಸೆ ಎಲ್ಲಿ, ಸೋಡಾ ಎಲ್ಲಿ, ಮೇಣದಬತ್ತಿ ಎಲ್ಲಿ

ಪ್ರಶ್ನೆ: ಈಚೆಗೆ ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗೆ ಬಂದಿದ್ದೇವೆ. ಇಲ್ಲಿ ಕೊಳವೆಬಾವಿಯ ನೀರೇ ಗತಿ. ನಲ್ಲಿಗಳ ಮೇಲೆ ಬಿಳಿ ಪದರ ಕೂತಿದೆ, ಶವರಿನ ಅರ್ಧಕ್ಕರ್ಧ ತೂತು ಮುಚ್ಚಿವೆ, ಅಡುಗೆಮನೆಯ ಸಿಂಕ್‌ನಲ್ಲಿ ನೀರು ಇಳಿಯುವುದಿಲ್ಲ. ಮೊಬೈಲ್‌ನಲ್ಲಿ ನೋಡಿದ ವಿಡಿಯೊಗಳಲ್ಲಿ ಎಲ್ಲದಕ್ಕೂ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಸುರಿಯಿರಿ ಎನ್ನುತ್ತಾರೆ. ಸುರಿದೆ, ನೊರೆ ಬಂತು, ಸಿಂಕ್ ಇದ್ದ ಹಾಗೆಯೇ ಇದೆ. ನಮ್ಮ ಅತ್ತೆಯವರು ಹುಣಸೆಹಣ್ಣಿಗಿಂತ ದೊಡ್ಡ ಔಷಧವಿಲ್ಲ ಎನ್ನುತ್ತಾರೆ. ಇದರ ಜೊತೆಗೆ ಒಂದು ನಲ್ಲಿ ತೊಟ್ಟಿಕ್ಕುತ್ತದೆ, ಮಳೆ ಶುರುವಾದಾಗಿನಿಂದ ಬಚ್ಚಲುಮನೆಯ ಮರದ ಬಾಗಿಲು ಹಾಕಲು ಬರುತ್ತಿಲ್ಲ. ಮನೆಯಲ್ಲಿರುವ ಸಾಮಾನಿನಿಂದಲೇ ಇವುಗಳಲ್ಲಿ ಎಷ್ಟನ್ನು ಸರಿಮಾಡಿಕೊಳ್ಳಬಹುದು?

ಉತ್ತರ: ಬಹುಪಾಲನ್ನು ಮಾಡಿಕೊಳ್ಳಬಹುದು. ಮೊದಲು ನೀವು ಸಿಂಕ್‌ಗೆ ಸುರಿದ ಮಿಶ್ರಣದ ವಿಚಾರ. ವಿನೆಗರ್ ಆಮ್ಲ, ಅಡುಗೆ ಸೋಡಾ ಕ್ಷಾರ. ಎರಡೂ ಸೇರಿದ ಕೂಡಲೇ ಒಂದರ ಗುಣವನ್ನು ಇನ್ನೊಂದು ತೆಗೆದುಹಾಕುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹಾರಿಹೋಗುತ್ತದೆ, ಕೆಳಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಆ ನೀರಿಗೆ ಜಿಡ್ಡು ಬಿಡಿಸುವ ತಾಕತ್ತೂ ಇಲ್ಲ, ಸುಣ್ಣ ಕರಗಿಸುವ ತಾಕತ್ತೂ ಇಲ್ಲ. ಬಂಡಿಯ ಹಿಂದಕ್ಕೂ ಮುಂದಕ್ಕೂ ಎತ್ತು ಕಟ್ಟಿ ಹೊಡೆದ ಹಾಗೆ. ಬೇರೆಬೇರೆಯಾಗಿ ಎರಡೂ ಒಳ್ಳೆಯ ಸಾಮಾನುಗಳೇ. ವಿಡಿಯೊದಲ್ಲಿ ನೊರೆ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅವುಗಳಿಗೆ ಮದುವೆ ಮಾಡಿಸುತ್ತಿದ್ದಾರೆ, ಅಷ್ಟೆ.

ಯಾವ ಸಾಮಾನು ಎಂದು ಕೇಳುವ ಮೊದಲು ಕೊಳೆ ಯಾವುದು ಎಂದು ನೋಡಬೇಕು. ನಿಮ್ಮ ನಲ್ಲಿಯ ಮೇಲೆ ಕೂತಿರುವುದು ಒಂದು ಜಾತಿ, ಸಿಂಕ್‌ನ ಕೊಳವೆಯಲ್ಲಿ ಕಟ್ಟಿಕೊಂಡಿರುವುದು ಇನ್ನೊಂದು ಜಾತಿ. ಬಾಗಿಲಿನದ್ದು ಕೊಳೆಯೇ ಅಲ್ಲ.

ನಲ್ಲಿಯಿಂದ ಶುರುಮಾಡೋಣ. ಮಳೆನೀರು ಬಂಡೆ ಮಣ್ಣುಗಳ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ನೀರು ಆರಿದಾಗ ಅಥವಾ ಕಾಯಿಸಿದಾಗ, ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿ ಪದರ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ನೀರು ಎಷ್ಟು ಗಡಸು ಎಂಬ ಅಂದಾಜಿಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಬಾಟಲಿಗೆ ಅರ್ಧ ನಲ್ಲಿ ನೀರು, ಇನ್ನೊಂದಕ್ಕೆ ಅರ್ಧ ಮಳೆನೀರು ತುಂಬಿ, ಎರಡಕ್ಕೂ ಮೈಸೋಪಿನ ಒಂದೇ ಅಳತೆಯ ಚೂರು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮಳೆನೀರಿನಲ್ಲಿ ನೊರೆ ತುಂಬಿಕೊಳ್ಳುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆಯಾಗಿ ಮೊಸರಿನಂಥ ಗಸಿ ತೇಲುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಹಾಕಿದರೆ ಈ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಗಡಸು ನೀರಿನಲ್ಲೂ ನೊರೆ ಬರುವಂತೆಯೇ ಅದನ್ನು ಮಾಡಿರುತ್ತಾರೆ.

ಈ ಪದರಕ್ಕೆ ಮದ್ದು ಆಮ್ಲ. ಹಾಗಾಗಿ ನಿಮ್ಮ ಅತ್ತೆಯವರ ಮಾತು ಅರ್ಧಕ್ಕಿಂತ ಹೆಚ್ಚು ಸರಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ವಿನೆಗರ್‌ನಲ್ಲಿ ಶೇಕಡ ನಾಲ್ಕೈದರಷ್ಟು ಅಸಿಟಿಕ್ ಆಮ್ಲ. ನನ್ನ ಆಯ್ಕೆ ಇವು ಮೂರೂ ಅಲ್ಲ, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಪುಟ್ಟ ಪೊಟ್ಟಣಗಳಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳು. ಅಗ್ಗ, ವಾಸನೆಯಿಲ್ಲ, ಹುಣಸೆಯ ಹಾಗೆ ನಾರು ಸಿಪ್ಪೆಗಳ ರಗಳೆಯಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಾಕು. ಕುದಿಯುವ ನೀರು ಬೇಡ. ಬಿಸಿ ಹೆಚ್ಚಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ, ಬಿಸಿನೀರಿನಲ್ಲಿ ಸರಿಯಾಗಿ ಕರಗದ ಇನ್ನೊಂದು ಬಿಳಿ ಪದಾರ್ಥವೇ ಕೂತು, ತೆಗೆಯಲು ಹೋದ ಕಲೆಗೆ ತಮ್ಮ ಹುಟ್ಟಿದಂತಾಗುತ್ತದೆ.

ಶವರ್ ಬಿಚ್ಚಲು ಬಂದರೆ ಬಿಚ್ಚಿ ಈ ನೀರಿನಲ್ಲಿ ಮುಳುಗಿಸಿಡಿ. ಬಾರದಿದ್ದರೆ ತೊಳೆದ ಹಾಲಿನ ಪ್ಯಾಕೆಟ್‌ಗೆ ದ್ರಾವಣ ತುಂಬಿ, ಶವರಿನ ಮುಖ ಅದರಲ್ಲಿ ಮುಳುಗುವಂತೆ ಹಿಡಿದು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಸಣ್ಣಗೆ ಗುಳ್ಳೆ ಏಳುತ್ತದೆ. ಇದು ಕೆಲಸ ಮಾಡುವ ನೊರೆ, ಸುಣ್ಣ ಕರಗುತ್ತಿರುವುದರ ಗುರುತು. ಅರ್ಧ ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ನೀರು ಬಿಟ್ಟು ತೊಳೆಯಿರಿ. ಇನ್ನೂ ಮುಚ್ಚಿರುವ ತೂತಿಗೆ ಸೂಜಿಗಿಂತ ತೆಂಗಿನಗರಿಯ ಕಡ್ಡಿ ಒಳ್ಳೆಯದು, ತೂತು ಅಗಲವಾಗುವುದಿಲ್ಲ. ನಲ್ಲಿಗಾದರೆ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ರಾತ್ರಿಯಿಡೀ ಬಿಡಬೇಡಿ. ಹೊಳೆಯುವ ಕ್ರೋಮ್ ಲೇಪದಲ್ಲಿ ಎಲ್ಲಾದರೂ ಗೀರಿದ್ದರೆ ಆಮ್ಲ ಒಳಗಿನ ಹಿತ್ತಾಳೆಗೆ ಇಳಿಯುತ್ತದೆ. ಒಮ್ಮೆಗೆ ಹೋಗದಿದ್ದರೆ ಮರುದಿನ ಮತ್ತೆ ಮಾಡಿ. ನಲ್ಲಿಯ ತುದಿಯಲ್ಲಿ ತಿರುಚಿ ಬಿಚ್ಚುವ ಪುಟ್ಟ ಜಾಲರಿ ಇರುತ್ತದೆ. ನೀರಿನ ರಭಸ ಕಡಿಮೆಯಾಗಿದ್ದರೆ ಹತ್ತರಲ್ಲಿ ಎಂಟು ಸಲ ಮರಳು, ಸುಣ್ಣದ ಚಕ್ಕೆ ಸೇರಿ ಅದೇ ಕಟ್ಟಿರುತ್ತದೆ. ಇಕ್ಕಳಕ್ಕೆ ಬಟ್ಟೆ ಸುತ್ತಿಕೊಂಡು ಬಿಚ್ಚಿ.

ಈಗ ಎಚ್ಚರಿಕೆಯ ಮಾತು. ಕ್ಯಾಲ್ಸಿಯಂ ಕಾರ್ಬೊನೇಟ್ ಬರೀ ನಿಮ್ಮ ನಲ್ಲಿಯಲ್ಲಿಲ್ಲ. ಅಮೃತಶಿಲೆ ಎಂದರೂ ಬಹುಪಾಲು ಅದೇ, ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಯಾವುದು ಕೊಳೆ, ಯಾವುದು ನೆಲ ಎಂಬ ವಿವೇಕ ನಿಂಬೆಹಣ್ಣಿಗಿಲ್ಲ. ನೆಲದ ಮೇಲಿನ ಬಿಳಿ ಕಲೆ ತೆಗೆಯಲು ಅದೇ ದ್ರಾವಣ ಸುರಿದರೆ ಕಲ್ಲಿನ ಹೊಳಪು ಹೋಗಿ ಕುರುಡು ಮಚ್ಚೆ ಬೀಳುತ್ತದೆ, ಪಾಲಿಶ್ ಮಾಡಿಸದೆ ಅದು ಮರಳುವುದಿಲ್ಲ. ಹಳೆಯ ಮನೆಗಳ ಕೆಂಪು ಗಾರೆ ನೆಲ, ಮೊಸಾಯಿಕ್, ಟೈಲ್ಸ್ ನಡುವಿನ ಸಿಮೆಂಟ್ ಗೆರೆ, ಇವಕ್ಕೂ ಆಮ್ಲ ಆಗದು. ಗ್ರಾನೈಟ್ ತಡೆದುಕೊಳ್ಳುತ್ತದೆ. ಕಲ್ಲು ಯಾವುದೆಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಒರೆಸಿ ನೋಡಿ. ಗುಳ್ಳೆ ಬಂದರೆ ಅಥವಾ ಹೊಳಪು ಮಾಸಿದರೆ ಅಲ್ಲಿಗೆ ನಿಲ್ಲಿಸಿ, ಸೋಪು ನೀರಿನಲ್ಲಿ ಒರೆಸಿಕೊಂಡು ತೃಪ್ತರಾಗಿ.

ಸಿಂಕ್‌ನ ಕತೆ ಬೇರೆ. ಅಲ್ಲಿರುವುದು ಎಣ್ಣೆ ಜಿಡ್ಡು, ಅನ್ನದ ಗಂಜಿ, ಕಾಫಿ ಚರಟ, ಜೊತೆಗೆ ಆಗ ಬಾಟಲಿಯಲ್ಲಿ ಕಂಡ ಸೋಪಿನ ಗಸಿ. ವಿನೆಗರ್‌ಗೆ ಇಲ್ಲಿ ಕೆಲಸವೇ ಇಲ್ಲ. ಜಿಡ್ಡಿಗೆ ಕ್ಷಾರ ಬೇಕು, ಸೋಪು ಬೇಕು. ಅಡುಗೆ ಸೋಡಾ ತೀರ ಸೌಮ್ಯ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಅದಕ್ಕಿಂತ ಎಷ್ಟೋ ಚುರುಕು. ಆದರೆ ಅದಕ್ಕೂ ಮೊದಲು ಸಿಂಕ್ ಕೆಳಗೆ ಕೂತು ನೋಡಿ. ನಮ್ಮ ಬಹುತೇಕ ಮನೆಗಳಲ್ಲಿ ಅಲ್ಲಿರುವುದು ಕೈಯಲ್ಲೇ ತಿರುಚಿ ಬಿಚ್ಚಬಹುದಾದ ಸುಕ್ಕುಸುಕ್ಕಾದ ವೇಸ್ಟ್ ಪೈಪ್ ಅಥವಾ ಬಾಟಲಿಯಾಕಾರದ ಟ್ರ್ಯಾಪ್. ಕೆಳಗೆ ಬಕೆಟ್ ಇಟ್ಟು ಬಿಚ್ಚಿ. ಆ ಸುಕ್ಕುಗಳ ಒಳಗೆ ಕೂತಿರುವ ಕಪ್ಪು ಪಾಕವನ್ನು ನೋಡಿದ ಮೇಲೆ ಇದನ್ನು ಯಾವ ಪುಡಿಯೂ ಮೇಲಿನಿಂದ ತೊಳೆಯಲಾರದು ಎಂದು ನಿಮಗೇ ಅನ್ನಿಸುತ್ತದೆ. ಹೊರಗೆ ಒಯ್ದು ಪಾತ್ರೆ ತೊಳೆಯುವ ದ್ರವ, ಬಿಸಿನೀರು, ಉದ್ದ ಬ್ರಷ್ ಹಾಕಿ ತೊಳೆದು ಮತ್ತೆ ಜೋಡಿಸಿ. ರಬ್ಬರ್ ವಾಷರ್ ಎಲ್ಲಿ ಹೇಗೆ ಕೂತಿತ್ತು ಎಂದು ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡಿರಿ. ಸೋರುವುದೆಲ್ಲ ಆ ವಾಷರನ್ನು ತಿರುವುಮುರುವಾಗಿ ಹಾಕುವುದರಿಂದ.

ಆಮೇಲೆ ವಾರಕ್ಕೊಮ್ಮೆ ಅರ್ಧ ಲೋಟ ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರು ಬಿಟ್ಟರೆ ಸಾಕು. ಕೈಗೆ ಕೈಗವಸು ಇರಲಿ. ಕುದಿಯುವ ಗಂಜಿಯನ್ನೋ ನೀರನ್ನೋ ನೇರವಾಗಿ ಸುರಿಯಬೇಡಿ, ಅರವತ್ತು ಡಿಗ್ರಿ ದಾಟಿದ ಬಿಸಿಗೆ ಪಿವಿಸಿ ಕೊಳವೆ ಮೆತ್ತಗಾಗಿ ಕೀಲುಗಳು ಸಡಿಲವಾಗುತ್ತವೆ. ಕರಿದ ಎಣ್ಣೆಯ ಬಾಣಲೆಯನ್ನು ಸಿಂಕ್‌ಗೆ ಇಳಿಸುವ ಮೊದಲು ಹಳೆಯ ದಿನಪತ್ರಿಕೆಯಲ್ಲಿ ಒರೆಸಿ. ಬಚ್ಚಲುಮನೆಯಲ್ಲಿ ನೀರು ನಿಲ್ಲುತ್ತಿದ್ದರೆ ಅದು ಕೂದಲಿನ ಉಂಡೆ. ಅದಕ್ಕೆ ಆಮ್ಲವೂ ಬೇಡ, ಕ್ಷಾರವೂ ಬೇಡ. ತುದಿ ಬಗ್ಗಿಸಿದ ತಂತಿ ಬೇಕು.

ಪ್ರಶ್ನೆಯಲ್ಲಿ ಇಲ್ಲದಿದ್ದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ಟ್ಯಾಂಕ್ ತೊಳೆಯಲು ತಂದ ಬ್ಲೀಚಿಂಗ್ ಪುಡಿ, ಬಟ್ಟೆಗೆ ಹಾಕುವ ಬ್ಲೀಚ್ ದ್ರವ, ಇವನ್ನು ಯಾವ ಆಮ್ಲದೊಂದಿಗೂ ಸೇರಿಸಬೇಡಿ: ವಿನೆಗರ್ ಇರಲಿ, ನಿಂಬೆ ಉಪ್ಪಿರಲಿ, ಶೌಚಾಲಯ ತೊಳೆಯುವ ದ್ರವವಿರಲಿ. ಶೌಚಾಲಯದ ದ್ರವಗಳಲ್ಲಿ ಅನೇಕವು ಹೈಡ್ರೋಕ್ಲೋರಿಕ್ ಆಮ್ಲವೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಕಿಟಕಿಯಿಲ್ಲದ ಪುಟ್ಟ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಒಂದನ್ನು ಹಾಕಿ ಆಗದಿದ್ದಾಗ ಅದರ ಮೇಲೆಯೇ ಇನ್ನೊಂದನ್ನು ಸುರಿಯುವ ಅವಸರದಲ್ಲೇ ಅನಾಹುತವಾಗುವುದು. ಕಟುವಾದ ವಾಸನೆ ಬಂದು ಕಣ್ಣು ಉರಿದರೆ ಏನನ್ನೂ ತೊಳೆಯಲು ನಿಲ್ಲದೆ ಹೊರಗೆ ಬನ್ನಿ. ಕೆಮ್ಮು, ಉಬ್ಬಸ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಅತ್ತೆಯವರ ಹುಣಸೆಗೆ ಮರಳೋಣ, ಅದಕ್ಕೆ ಸಲ್ಲಬೇಕಾದ ಮರ್ಯಾದೆ ಬಾಕಿಯಿದೆ. ಹಿತ್ತಾಳೆ ದೀಪ, ತಾಮ್ರದ ಚೊಂಬು ಕಪ್ಪಾಗುವುದು ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪದರದಿಂದ. ಹುಣಸೆಯ ಆಮ್ಲ ಅದನ್ನು ಕರಗಿಸುತ್ತದೆ, ಜೊತೆಗೆ ಚಿಟಿಕೆ ಉಪ್ಪು ಹಾಕಿದರೆ ಕೆಲಸ ಬೇಗ ಆಗುತ್ತದೆ. ಈ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ನಾನು ಸೇರಿಸುವುದು ಇಷ್ಟೇ: ತಿಕ್ಕಿ ಕೂಡಲೇ ತೊಳೆಯಿರಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಹುಣಸೆನೀರಿನಲ್ಲಿ ನೆನೆಹಾಕಿ ಮರೆತುಬಿಟ್ಟರೆ ಹಿತ್ತಾಳೆಯ ಮೇಲ್ಪದರದಲ್ಲಿರುವ ಸತು ಕರಗಿ ತಾಮ್ರ ಉಳಿದು, ದೀಪ ಹಳದಿಯ ಬದಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಲಾಯಿ ಹಾಕಿದ ಪಾತ್ರೆಯ ಒಳಭಾಗವನ್ನು ಹುಣಸೆ, ಬೂದಿ ಹಾಕಿ ಉಜ್ಜಬೇಡಿ. ಅಂಗಡಿಯಿಂದಲೇ ಮೆರುಗಿನ ಲೇಪ ಹಾಕಿಸಿಕೊಂಡು ಬಂದ ಅಲಂಕಾರದ ವಿಗ್ರಹಗಳಿಗೂ ಹುಣಸೆ ಬೇಡ, ಲೇಪ ತೇಪೆತೇಪೆಯಾಗಿ ಏಳುತ್ತದೆ.

ಇಡ್ಲಿ ಪಾತ್ರೆಯ ತಳದ ನೀರಿಗೆ ಹುಣಸೆಯ ಚೂರನ್ನೋ ಹಿಂಡಿದ ನಿಂಬೆ ಸಿಪ್ಪೆಯನ್ನೋ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಗಡಸು ನೀರಿನ ಊರಿನಲ್ಲಿ ಅದು ಸರಿಯಾದ ಉಪಾಯ: ಕುದಿಯುವಾಗ ಸುಣ್ಣ ತಳಕ್ಕೆ ಕಟ್ಟುವುದಿಲ್ಲ, ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗುವುದಿಲ್ಲ. ಈಗಾಗಲೇ ಕಪ್ಪಾಗಿದ್ದರೂ ಹುಣಸೆನೀರು ಕುದಿಸಿದರೆ ಬಿಳಿಯಾಗುತ್ತದೆ. ಇಲ್ಲಿ ಮಾತ್ರ ಸೋಡಾ ತರಬೇಡಿ, ಕ್ಷಾರ ತಗುಲಿದರೆ ಅಲ್ಯೂಮಿನಿಯಂ ಇನ್ನಷ್ಟು ಕಪ್ಪಾಗುತ್ತದೆ. ತಳ ಸೀದ ಸ್ಟೀಲ್ ಪಾತ್ರೆಗಾದರೆ ಸೋಡಾವೇ ಸರಿ: ಎರಡು ಚಮಚ ಹಾಕಿ ನೀರು ಕುದಿಸಿ, ತಣ್ಣಗಾದ ಮೇಲೆ ಮರದ ಸಟ್ಟುಗದಿಂದ ಕೆರೆದರೆ ಹಾಳೆಯಂತೆ ಏಳುತ್ತದೆ.

ಬೆಳ್ಳಿ ಕಪ್ಪಾಗುವುದಕ್ಕೆ ಕಾರಣವೇ ಬೇರೆ, ಗಾಳಿಯಲ್ಲಿನ ಗಂಧಕ. ಪಾತ್ರೆಯ ತಳಕ್ಕೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಹುಯ್ದು, ಒಂದೊಂದು ಚಮಚ ಅಡುಗೆ ಸೋಡಾ ಮತ್ತು ಉಪ್ಪು ಕರಗಿಸಿ, ಬೆಳ್ಳಿ ಲೋಟ ಹಾಳೆಗೆ ತಗುಲುವಂತೆ ಇಡಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರುತ್ತದೆ. ಪುಡಿ ಹಾಕಿ ಉಜ್ಜಿದಾಗಲೆಲ್ಲ ಒಂದಿಷ್ಟು ಬೆಳ್ಳಿ ಸವೆಯುತ್ತದೆ. ಇಲ್ಲಿ ಸವೆಯುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ. ಹರಳು ಕೂರಿಸಿದ ಒಡವೆಗೂ, ಬೇಕೆಂದೇ ಕಪ್ಪು ಬಿಟ್ಟ ಆಕ್ಸಿಡೈಸ್ಡ್ ಆಭರಣಕ್ಕೂ ಇದು ಆಗದು.

ಬಟ್ಟೆಯ ಕಲೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವೂ ಇದ್ದರೆ ಬಿಳಿ ಪಂಚೆಗಳ ಮೇಲೆ ಕಂದು ಮಚ್ಚೆ ಬರುತ್ತದೆ. ಅದಕ್ಕೆ ಬ್ಲೀಚ್ ಹಾಕಿದರೆ ತುಕ್ಕು ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ ತೊಳೆಯಿರಿ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿ ಬೇಡ, ಕ್ಷಾರ ತಗುಲಿದ ಅರಿಶಿನದ ಗುಣವೇ ಅದು. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಒಗೆದು ಬಿಸಿಲಿನಲ್ಲಿ ಒಣಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ತೊಟ್ಟಿಕ್ಕುವ ನಲ್ಲಿ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಹದಿನೈದಿಪ್ಪತ್ತು ಲೀಟರ್ ಆಗುತ್ತದೆ, ಟ್ಯಾಂಕರ್ ನೀರು ತರಿಸುವ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಸುತ್ತುಸುತ್ತು ತಿರುಗಿಸಿ ನಿಲ್ಲಿಸುವ ಹಳೆಯ ಬಗೆಯ ನಲ್ಲಿಯಾದರೆ ಒಳಗಿನ ವಾಷರ್ ಸವೆದಿದೆ. ಆ ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿ, ಮೇಲಿನ ಭಾಗ ಬಿಚ್ಚಿ, ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಕಾಲು ಸುತ್ತಿಗೇ ನಿಲ್ಲುವ ಹೊಸ ಬಗೆಯ ನಲ್ಲಿಗಳಲ್ಲಿ ಆ ವಾಷರ್ ಇರುವುದಿಲ್ಲ. ಸೆರಾಮಿಕ್ ಬಿಲ್ಲೆಗಳಿರುವ ಇಡೀ ಸ್ಪಿಂಡಲ್ ಬದಲಿಸಬೇಕು. ನಲ್ಲಿ ಗೋಡೆಗೆ ಸೇರುವಲ್ಲಿ ಸೋರುತ್ತಿದ್ದರೆ ಟೆಫ್ಲಾನ್ ಟೇಪ್ ಸಾಕು. ನಲ್ಲಿಯ ಮರೆ, ಅಂದರೆ ತಿರುಪಿನ ಸುತ್ತುಗಳಿರುವ ತುದಿ, ನಿಮ್ಮ ಮುಖಕ್ಕೆ ಇರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದೆಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪೇ ಬಿಚ್ಚಿಕೊಂಡು ಬರುತ್ತದೆ. ಪೈಪ್ ಬಿರುಕು ಬಿಟ್ಟು ಪ್ಲಂಬರ್ ನಾಳೆ ಬರುತ್ತೇನೆಂದರೆ, ಸೈಕಲ್ ಟ್ಯೂಬಿನ ಉದ್ದ ಪಟ್ಟಿ ಕತ್ತರಿಸಿ, ಚೆನ್ನಾಗಿ ಎಳೆದು ಒಂದರ ಮೇಲೊಂದು ಏರುವಂತೆ ಸುತ್ತಿ ಕಟ್ಟಿ. ತಣ್ಣೀರಿನ ಪೈಪಿಗೆ ಅದು ರಾತ್ರಿ ಕಳೆಯುವಷ್ಟು ತಡೆಯುತ್ತದೆ. ಗೀಸರ್‌ನ ಬಿಸಿನೀರಿನ ಪೈಪಿಗೆ ಈ ಉಪಾಯ ಬೇಡ.

ಗೀಸರನ್ನಂತೂ ನೀವಾಗಿ ಬಿಚ್ಚಲೇಬೇಡಿ, ಅಲ್ಲಿ ವಿದ್ಯುತ್ತೂ ಇದೆ, ಒತ್ತಡವೂ ಇದೆ. ಅರವತ್ತು ಡಿಗ್ರಿಯ ಮೇಲೆ ಸುಣ್ಣ ಕಟ್ಟುವುದು ಜೋರಾಗುವುದರಿಂದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಡಬೇಡಿ, ಅಷ್ಟು ನಿಮ್ಮ ಕೈಯಲ್ಲಿದೆ. ಬಕೆಟ್‌ಗೆ ಇಳಿಬಿಡುವ ಹೀಟರ್ ಕಾಯಿಲ್ ಇದ್ದರೆ ಅದನ್ನು ಶುಚಿಮಾಡಿಕೊಳ್ಳಬಹುದು. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಸುರುಳಿಯ ಭಾಗ ಮಾತ್ರ ಮುಳುಗುವಂತೆ ಪ್ಲಾಸ್ಟಿಕ್ ಬಕೆಟ್‌ನ ನಿಂಬೆ ಉಪ್ಪಿನ ನೀರಿನಲ್ಲಿ ಇಡಿ. ಚಾಕುವಿನಿಂದ ಕೆರೆದರೆ ಮೇಲಿನ ಲೋಹದ ಕವಚ ಗಾಯಗೊಳ್ಳುತ್ತದೆ.

ಕೊನೆಯದು ಬಾಗಿಲು. ಮಳೆಗಾಲದಲ್ಲಿ ಮರ ತೇವ ಕುಡಿದು ಅಡ್ಡಡ್ಡಕ್ಕೆ ಹಿಗ್ಗುತ್ತದೆ. ಆದರೆ ಹಿಗ್ಗಿದೆ ಎಂದು ತೀರ್ಮಾನಿಸುವ ಮೊದಲು ಮೇಲಿನ ಕೀಲಿನ ತಿರುಪುಗಳನ್ನು ನೋಡಿ. ಅವು ಸಡಿಲವಾಗಿದ್ದರೂ ಬಾಗಿಲು ಜೋತುಬಿದ್ದು ಕೆಳಗೆ ತಾಗುತ್ತದೆ. ತಿರುಪು ಬರೀ ತಿರುಗುತ್ತಿದ್ದರೆ ಅದನ್ನು ತೆಗೆದು, ಮದ್ದು ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ಆ ತೂತಿಗೆ ತುರುಕಿ, ಮೇಲೆ ಉಳಿದದ್ದನ್ನು ಕತ್ತರಿಸಿ. ಅಂಟು ಒಣಗಿದ ಮರುದಿನ ಅದೇ ತಿರುಪನ್ನು ಹಾಕಿದರೆ ಹೊಸ ಮರಕ್ಕೆ ಹಾಕಿದಷ್ಟೇ ಬಿಗಿಯಾಗುತ್ತದೆ. ಅದೂ ಸರಿಯಿದ್ದರೆ ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ಒತ್ತಿ ಹಾಕಿ, ತೆಗೆಯಿರಿ. ಸುಣ್ಣ ಅಂಟಿದ ಕಡೆಯೇ ತಾಗುತ್ತಿರುವುದು. ಅಲ್ಲಿ ಮೇಣದಬತ್ತಿಯನ್ನೋ ಒಣ ಸೋಪಿನ ತುಂಡನ್ನೋ ಒತ್ತಿ ಉಜ್ಜಿ. ತುಸು ಹಿಗ್ಗಿದ ಬಾಗಿಲಿಗೆ ಇಷ್ಟೇ ಸಾಕಾಗುತ್ತದೆ. ತೀರ ಹಾಕಲಾಗದಿದ್ದರೆ ಉಪ್ಪುಕಾಗದದಿಂದ ಸ್ವಲ್ಪವೇ ತಿಕ್ಕಿ.

ಬಡಗಿಯನ್ನು ಕರೆಸಿ ಈಗಲೇ ಹತರಿ ಹೊಡೆಸಬೇಡಿ. ಈಗ ಸರಿಹೋಗುವಷ್ಟು ಕೆತ್ತಿಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ, ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮಾರ್ಚ್ ತಿಂಗಳಲ್ಲಿ ಬಾಗಿಲನ್ನು ಒಮ್ಮೆ ಕೀಲಿನಿಂದ ಬಿಚ್ಚಿಸಿ ಕೆಳಗಿನ ಅಂಚು ನೋಡಿ. ಎದುರು ಕಾಣುವ ಎರಡೂ ಮುಖಕ್ಕೆ ಬಣ್ಣ ಬಳಿದು, ಯಾರಿಗೂ ಕಾಣದ ಮೇಲಿನ, ಕೆಳಗಿನ ಅಂಚುಗಳನ್ನು ಹಸಿಮರವಾಗಿಯೇ ಬಿಟ್ಟಿರುವುದು ಸಾಮಾನ್ಯ. ಬಚ್ಚಲಿನ ನೀರು ಬಾಗಿಲಿಗೆ ಏರುವುದು ಅಲ್ಲಿಂದಲೇ. ಚೆನ್ನಾಗಿ ಒಣಗಿಸಿ ಆ ಅಂಚುಗಳಿಗೆ ಎರಡು ಕೈ ಆಯಿಲ್ ಪೇಂಟ್ ಹೊಡೆಸಿ. ಬಾಡಿಗೆ ಮನೆಯಾದ್ದರಿಂದ ಆ ಖರ್ಚನ್ನು ಮಾಲೀಕರ ಹತ್ತಿರ ಮೊದಲೇ ಮಾತಾಡಿಕೊಂಡಿರಿ.